ಮಾನ, ಸ್ವಾಭಿಮಾನ ಮತ್ತು ಶರೀಅತ್: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮದ್ರಸದ ಪೋಷಕರ ಸಭೆಯಲ್ಲಿ, ರಂಝಾನ್ ತಿಂಗಳ ತರಗತಿಗಳಲ್ಲಿ, ಕೆಲವೊಮ್ಮೆ ಸಂತೆಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದಾಗಲೂ ಜನ ನನ್ನನ್ನು ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಮುಸ್ಲಿಮರೂ ಇದ್ದಾರೆ. ನೆರೆಹೊರೆಯ ಕೊಡವರು, ಗೌಡರು, ಕ್ರೈಸ್ತರೂ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ಮಲಯಾಳ, ಬ್ಯಾರಿ, ಕೊಡವ ತಕ್ಕ್ ಆಡುವ ಮುಸ್ಲಿಮರಲ್ಲಿ ಹೆಚ್ಚಿನವರು ಇಸ್ಲಾಮಿ ಕಾನೂನಿನ ಪಂಥಗಳಲ್ಲಿ ಒಂದಾದ ಶಾಫಿಈ ಮಝ್‌ಹಬ್‌ನವರು, ಉರ್ದು ಮನೆಮಾತಿನವರು ಸಾಮಾನ್ಯವಾಗಿ ಹನಫಿ ಪಂಥದವರು. ಫಿಕ್‌ಹ್‌ನ (ಇಸ್ಲಾಮಿ ಧರ್ಮಶಾಸ್ತ್ರದ) ವಿವರ ಬಂದ ಕಡೆ ಶಾಫಿಈ ಅಭಿಪ್ರಾಯವನ್ನೇ ಮುಂದಿಟ್ಟಿದ್ದೇನೆ. ನಿಮ್ಮ ಸ್ವಂತ ವಿಚಾರಕ್ಕೆ ತೀರ್ಮಾನ ಬೇಕಿದ್ದರೆ ನಿಮ್ಮ ಜಮಾಅತಿನ (ಮಸೀದಿ ಸಮುದಾಯದ) ಖತೀಬರನ್ನು, ಅಂದರೆ ಪ್ರವಚನ ನೀಡುವ ಧರ್ಮಗುರುಗಳನ್ನು ಕಾಣಿ.

ಮನುಷ್ಯನ ಗೌರವದ ಬಗ್ಗೆ ಕುರ್‌ಆನ್ ನೇರವಾಗಿ ಏನಾದರೂ ಹೇಳಿದೆಯೇ?

ಹೇಳಿದೆ. 17ನೇ ಅಧ್ಯಾಯದ 70ನೇ ಸೂಕ್ತ: ಆದಮರ ಸಂತತಿಗೆ ನಾವು ಗೌರವ ಕೊಟ್ಟಿದ್ದೇವೆ ಎಂದು ಅಲ್ಲಾಹನೇ ಅಲ್ಲಿ ಹೇಳುತ್ತಾನೆ. ಯಾರಿಗೆ ಎಂಬುದನ್ನು ಗಮನಿಸಿ. ನಮಾಝ್ ಮಾಡುವವರಿಗೆ ಎಂದಿಲ್ಲ, ಒಳ್ಳೆಯವರಿಗೆ ಎಂದಿಲ್ಲ, ಗಂಡಸರಿಗೆ ಎಂದೂ ಇಲ್ಲ. ಆದಮರ ಮಕ್ಕಳು ಎಂದಷ್ಟೇ ಇದೆ. ಹಾಗಾದರೆ ಆ ಗೌರವ ಯಾರೂ ದುಡಿದು ಸಂಪಾದಿಸಿದ್ದಲ್ಲ, ಹುಟ್ಟಿನೊಂದಿಗೇ ಬಂದದ್ದು. ಕೊಟ್ಟವನು ಅಲ್ಲಾಹ್ ಆದ ಮೇಲೆ ಕಿತ್ತುಕೊಳ್ಳುವ ಅಧಿಕಾರ ನಮಗಿಲ್ಲ.

49:13 ತೋರಿಸಿ, ‘ಹೆಚ್ಚು ದೇವಭಕ್ತಿ ಇರುವವನೇ ಹೆಚ್ಚು ಗೌರವಾನ್ವಿತ ಎಂದು ಕುರ್‌ಆನೇ ಹೇಳಿದೆಯಲ್ಲ’ ಎಂದು ಕೇಳುವವರಿದ್ದಾರೆ. ಆ ಮಾತು ಅಲ್ಲಾಹನ ಬಳಿ ಇರುವ ಸ್ಥಾನದ ಬಗ್ಗೆ. ಯಾರ ಎದೆಯಲ್ಲಿ ಎಷ್ಟು ಭಕ್ತಿ ಇದೆಯೆಂದು ಅಳೆಯುವ ತಕ್ಕಡಿ ನಮ್ಮ ಕೈಗೆ ಕೊಟ್ಟಿಲ್ಲ. ಅದೇ ಸೂಕ್ತದ ಮೊದಲ ಭಾಗವನ್ನೂ ಓದಬೇಕು: ಜನಾಂಗ, ಬುಡಕಟ್ಟುಗಳನ್ನು ಮಾಡಿದ್ದು ನೀವು ಒಬ್ಬರನ್ನೊಬ್ಬರು ಅರಿತುಕೊಳ್ಳಲೆಂದು.

ಈ ಗೌರವ ಮುಸ್ಲಿಮೇತರರಿಗೂ ಇದೆಯೇ, ಅಥವಾ ನೀವು ಹೇಳುವುದು ಸಭೆಯ ಮಾತೇ?

ಬುಖಾರಿ, ಮುಸ್ಲಿಂ ಎರಡೂ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹಗಳಲ್ಲಿರುವ ಘಟನೆ ಇದು. ಒಂದು ಶವಯಾತ್ರೆ ಹಾದುಹೋಗುವಾಗ ಪ್ರವಾದಿ ಮುಹಮ್ಮದ್ (ಸ – ಅವರ ಮೇಲೆ ಶಾಂತಿ ಇರಲಿ) ಎದ್ದು ನಿಂತರು. ಅದು ಯಹೂದಿಯೊಬ್ಬನ ಶವ ಎಂದು ಜೊತೆಗಿದ್ದವರು ಹೇಳಿದರು. ‘ಅದೂ ಒಂದು ಜೀವವಲ್ಲವೇ?’ ಎಂದು ಪ್ರವಾದಿಯವರು ತಿರುಗಿ ಕೇಳಿದರು. ಎಮ್ಮೆಮಾಡಿನ ದರ್ಗಾದ ಉರೂಸಿಗೆ ಬೇರೆ ಧರ್ಮದವರೂ ಬರುತ್ತಾರೆ, ಅವರ ಮನೆಯ ಹುತ್ತರಿ ಹಬ್ಬಕ್ಕೆ ನಮ್ಮವರೂ ಹೋಗುತ್ತಾರೆ. ಬಂದು ಹೋಗುವುದು ಸುಲಭ. ಬೆನ್ನ ಹಿಂದೆಯೂ ಅದೇ ಮರ್ಯಾದೆಯಿಂದ ಮಾತಾಡುತ್ತೇವೆಯೇ ಎಂಬುದು ಕಷ್ಟದ ಪ್ರಶ್ನೆ. ಇತರರು ಆರಾಧಿಸುವುದನ್ನು ನಿಂದಿಸಬೇಡಿ ಎಂದು 6:108 ಸ್ಪಷ್ಟವಾಗಿ ಹೇಳಿದೆ. ಮಕ್ಕಳ ಎದುರು ಇನ್ನೊಬ್ಬರ ದೇವರ ಬಗ್ಗೆ ಹಗುರವಾಗಿ ಆಡಿದರೆ ಮದ್ರಸದಲ್ಲಿ ನಾವು ಕಲಿಸಿದ್ದು ಆ ಒಂದು ಸಂಜೆಯಲ್ಲಿ ಅಳಿಸಿಹೋಗುತ್ತದೆ.

ಇದೆಲ್ಲ ಬರೀ ಉಪದೇಶವೇ? ಕಾನೂನಿನಲ್ಲಿ ಇದಕ್ಕೆ ಜಾಗ ಇದೆಯೇ?

ನನಗೆ ಬಹಳ ಇಷ್ಟದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಶರೀಅತ್ ಕಾಪಾಡಬೇಕಾದ ಮೂಲ ವಿಷಯಗಳು ಐದು ಎಂದು ಇಮಾಮ್ ಗಝಾಲಿ (ನಿಧನ 1111) ಮೊದಲಾದವರು ಗುರುತಿಸಿದರು: ಧರ್ಮ, ಪ್ರಾಣ, ಬುದ್ಧಿ, ಸಂತತಿ, ಸಂಪತ್ತು. ಇವುಗಳ ಜೊತೆ ಮಾನವನ್ನು ಆರನೆಯದಾಗಿ ಸೇರಿಸಿದ ವಿದ್ವಾಂಸರೂ ಇದ್ದಾರೆ. ಹಿಜರಿ 10ರಲ್ಲಿ, ಅಂದರೆ ಕ್ರಿ.ಶ. 632ರಲ್ಲಿ, ವಿದಾಯ ಹಜ್ಜ್‌ನ ಭಾಷಣದಲ್ಲಿ ಪ್ರವಾದಿ (ಸ) ರಕ್ತ, ಸಂಪತ್ತು, ಮಾನ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮೂರೂ ಪವಿತ್ರ ಎಂದು ಸಾರಿದರು. ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ 24:4ರಲ್ಲಿ ಹೇಳಿದ ಶಿಕ್ಷೆ 80 ಛಡಿಯೇಟು. ಪಶ್ಚಾತ್ತಾಪಪಟ್ಟು ತಿದ್ದಿಕೊಳ್ಳದ ಹೊರತು ಮುಂದೆ ಅವನ ಸಾಕ್ಷ್ಯವನ್ನು ಒಪ್ಪಲೇಬಾರದು. ನಮ್ಮ ದೇಶದಲ್ಲಿ ಆ ಶಿಕ್ಷೆ ಜಾರಿಯಲ್ಲಿಲ್ಲ. ಆದರೆ ಬಾಯಿಗೆ ಬಂದಂತೆ ಹೆಣ್ಣುಮಕ್ಕಳ ಹೆಸರು ಎತ್ತುವುದು ಎಷ್ಟು ದೊಡ್ಡ ಅಪರಾಧ ಎಂಬುದಕ್ಕೆ ಅದೇ ಅಳತೆ.

ಇವು ದೊಡ್ಡ ಮಾತುಗಳು. ಫಿಕ್‌ಹ್‌ನ ಸಣ್ಣ ಮಸ್‌ಅಲಗಳಲ್ಲಿ (ಒಂದೊಂದು ಸಂದರ್ಭದ ನಿಯಮಗಳಲ್ಲಿ) ಈ ಕಾಳಜಿ ಇನ್ನೂ ಚೆನ್ನಾಗಿ ಕಾಣುತ್ತದೆ. ಶಾಫಿಈ ವಿದ್ವಾಂಸ ಇಮಾಮ್ ನವವಿ (ನಿಧನ 1277) ಅವರ ‘ಮಿನ್ಹಾಜ್’ನಲ್ಲಿ ತಯಮ್ಮುಮ್ (ನೀರಿಲ್ಲದಾಗ ಮಣ್ಣಿನಿಂದ ಮಾಡುವ ಶುದ್ಧಿ) ಅಧ್ಯಾಯ ನೋಡಿ. ಒಬ್ಬನ ಬಳಿ ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ) ಮಾಡಲು ನೀರಿಲ್ಲ. ಇನ್ನೊಬ್ಬ ನೀರನ್ನು ಉಚಿತವಾಗಿ ಕೊಟ್ಟರೆ ಸ್ವೀಕರಿಸಲೇಬೇಕು, ಯಾಕೆಂದರೆ ಒಂದು ತಂಬಿಗೆ ನೀರಿನ ಋಣ ಯಾರಿಗೂ ಭಾರವಲ್ಲ. ಆದರೆ ‘ದುಡ್ಡು ಕೊಡುತ್ತೇನೆ, ನೀರು ಕೊಂಡುಕೋ’ ಎಂದರೆ ಆ ದುಡ್ಡು ತೆಗೆದುಕೊಳ್ಳಬೇಕೆಂಬ ಕಡ್ಡಾಯ ಇಲ್ಲ. ತಯಮ್ಮುಮ್ ಮಾಡಿ ನಮಾಝ್ ಮುಗಿಸಬಹುದು. ಇನ್ನೊಬ್ಬರ ಹಂಗಿಗೆ ಬೀಳಬೇಕಾಗುತ್ತದೆ ಎನ್ನುವುದೇ ಅಲ್ಲಿ ಕಾರಣ. ಹಜ್ಜ್ ವಿಷಯದಲ್ಲೂ ಇದೇ ಧಾಟಿ. ಮುಪ್ಪಿನಿಂದಲೋ ರೋಗದಿಂದಲೋ ತಾನೇ ಹೋಗಲಾಗದವನ ಪರವಾಗಿ ಬೇರೆಯವರಿಂದ ಹಜ್ಜ್ ಮಾಡಿಸಲು ಮಗನೇ ದುಡ್ಡು ಕೊಡುತ್ತೇನೆಂದರೂ ತಂದೆ ಒಪ್ಪಲೇಬೇಕೆಂದಿಲ್ಲ. ಆರಾಧನೆಯ ಕರ್ತವ್ಯವನ್ನೇ ಸಡಿಲಿಸಿ ಮನುಷ್ಯನ ಸ್ವಾಭಿಮಾನಕ್ಕೆ ಜಾಗ ಬಿಟ್ಟಿದ್ದಾರೆ, ಯೋಚಿಸಿ ನೋಡಿ.

ದಿವಾಳಿಯಾದವನ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವಾಗಲೂ ಅವನ ಅಂತಸ್ತಿಗೆ ಒಪ್ಪುವ ಒಂದು ಜೊತೆ ಬಟ್ಟೆ ಬಿಡಬೇಕು. ಮೈಮುಚ್ಚಿದರೆ ಸಾಕೆಂದು ಹರಕು ಕೊಟ್ಟು ಕಳಿಸುವಂತಿಲ್ಲ.

ಝಕಾತ್ (ಉಳ್ಳವರು ಕೊಡಲೇಬೇಕಾದ ದಾನ) ತೆಗೆದುಕೊಂಡರೆ ಮಾನ ಹೋಗುತ್ತದೆಯೇ?

ಹೋಗುವುದಿಲ್ಲ. ನಮಾಝ್ ಮಾಡುವವರ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ಗೊತ್ತುಪಡಿಸಿದ ಹಕ್ಕಿದೆ ಎಂದು 70:24–25 ಹೇಳುತ್ತದೆ. ಹಕ್ಕನ್ನು ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ. ಸ್ವಂತ ಸಣ್ಣ ಮನೆ ಇದೆ, ಹಬ್ಬಕ್ಕೆ ಉಡುವ ಒಳ್ಳೆ ಬಟ್ಟೆ ಇದೆ ಎಂಬ ಕಾರಣಕ್ಕೆ ಒಬ್ಬ ಬಡವನಲ್ಲ ಎನ್ನುವಂತಿಲ್ಲ ಎಂಬುದೂ ಶಾಫಿಈ ಕಿತಾಬುಗಳಲ್ಲಿದೆ. ‘ಅವರ ಮಗಳ ಕಾಲಲ್ಲಿ ಹೊಸ ಚಪ್ಪಲಿ ಕಂಡೆ, ಅವರಿಗೇಕೆ ಝಕಾತ್’ ಎಂದು ಪಿಸುಗುಡುವವರು ಇದನ್ನು ಓದಬೇಕು.

ಮಾನ ಹೋಗುವುದು ತೆಗೆದುಕೊಳ್ಳುವುದರಿಂದಲ್ಲ, ಕೊಡುವ ರೀತಿಯಿಂದ. ರಂಝಾನಿನ ಕೊನೆಯ ಹತ್ತು ದಿನಗಳಲ್ಲಿ ಕೆಲವು ಮನೆಗಳ ಗೇಟಿನ ಮುಂದೆ ಬೆಳಗ್ಗಿನಿಂದಲೇ ಸಾಲು ಶುರುವಾಗುತ್ತದೆ. ಹೆಂಗಸರು ಸೆರಗು ಮುಖಕ್ಕೆಳೆದು, ರಸ್ತೆಗೆ ಬೆನ್ನು ಹಾಕಿ ನಿಂತಿರುತ್ತಾರೆ. ಯಾರಾದರೂ ಗುರುತಿನವರು ಬೈಕಿನಲ್ಲಿ ಹೋದರೆ ಸಾಲು ಬಿಟ್ಟು ಬೇಲಿ ಬದಿಗೆ ಸರಿಯುತ್ತಾರೆ. ಒಳಗಿನಿಂದ ಮನೆಯ ಹುಡುಗನೊಬ್ಬ ಬಂದು ಇನ್ನೂರರ ನೋಟು ಹಂಚುತ್ತಾ, ‘ನೀವು ಆಗಲೇ ತಗೊಂಡಿಲ್ವಾ?’ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾನೆ. ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ ನಿಮ್ಮ ದಾನವನ್ನು ನಿಷ್ಫಲಗೊಳಿಸಬೇಡಿ ಎಂದು 2:264 ಎಚ್ಚರಿಸಿದೆ. ಅದಕ್ಕೂ ಹಿಂದಿನ ಸೂಕ್ತ ಇನ್ನೂ ಖಾರ: ನೋವು ಹಿಂಬಾಲಿಸುವ ದಾನಕ್ಕಿಂತ ಒಂದು ಒಳ್ಳೆಯ ಮಾತೇ ಮೇಲು.

ಇದು ಝಕಾತ್ ಎಂದು ಹೇಳಿಯೇ ಕೊಡಬೇಕೇ ಎಂದೂ ಕೇಳುತ್ತಾರೆ. ಬೇಕಿಲ್ಲ. ಪಡೆಯುವವರು ಅರ್ಹರು, ಕೊಡುವವರ ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಇದೆ ಎಂದಾದರೆ ಸುಮ್ಮನೆ ಕೊಟ್ಟರೂ ಝಕಾತ್ ಸಂದಾಯವಾಗುತ್ತದೆ ಎಂದು ನವವಿಯವರು ಬರೆದಿದ್ದಾರೆ. ಹಂಬಲಿ ಪಂಥದ ವಿದ್ವಾಂಸ ಇಬ್ನ್ ಕುದಾಮ (ನಿಧನ 1223) ಒಂದು ಹೆಜ್ಜೆ ಮುಂದೆ ಹೋಗಿ, ಹೇಳಿ ಅವರ ಮನಸ್ಸು ಏಕೆ ಮುರಿಯಬೇಕು ಎಂಬ ಹಿರಿಯರ ಮಾತುಗಳನ್ನೇ ಉಲ್ಲೇಖಿಸುತ್ತಾರೆ. ಹಾಗಾಗಿ ನನ್ನ ಸಲಹೆ: ಸಾಲು ನಿಲ್ಲಿಸಿ. ನೀವೇ ಕತ್ತಲಾದ ಮೇಲೆ ಅವರ ಮನೆಗೆ ಹೋಗಿ, ಅಥವಾ ಬ್ಯಾಂಕ್ ಖಾತೆಗೆ ಹಾಕಿ. ಫೋಟೊ ಬೇಡ. ಕಿಟ್ ಹಿಡಿದ ಅಜ್ಜಿಯ ಪಕ್ಕ ನಾಲ್ಕು ಜನ ನಗುತ್ತಾ ನಿಂತ ಫೋಟೊ ನಿಮ್ಮ ಸ್ಟೇಟಸ್‌ಗೆ ಬಂದರೆ ಅವಳ ಮೊಮ್ಮಕ್ಕಳೂ ಅದನ್ನು ನೋಡುತ್ತಾರೆ.

2018ರಲ್ಲಿ ಮನೆ ತೋಟ ಕಳೆದುಕೊಂಡೆವು. ಪರಿಹಾರ ಕೇಳಲು ಕಚೇರಿ ಅಲೆಯುವುದು ಭಿಕ್ಷೆ ಬೇಡಿದ ಹಾಗಲ್ಲವೇ?

ಅಲ್ಲ. ಈ ಮಾತನ್ನು ಆ ವರ್ಷದ ಆಗಸ್ಟಿನ ನಂತರ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಪರಿಹಾರ ಕೇಂದ್ರಗಳಿಗೆ ಬಂದವರಲ್ಲಿ ಅದುವರೆಗೂ ಹತ್ತು ಜನಕ್ಕೆ ಊಟ ಹಾಕುತ್ತಿದ್ದ ಮನೆಯವರೂ ಇದ್ದರು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ಅವರ ಕಾಲೇ ಬರುತ್ತಿರಲಿಲ್ಲ.

ಬೇಡುವುದನ್ನು ಪ್ರವಾದಿ (ಸ) ಖಂಡಿತ ನಿರುತ್ಸಾಹಗೊಳಿಸಿದ್ದಾರೆ. ಹಗ್ಗ ತೆಗೆದುಕೊಂಡು ಹೋಗಿ ಸೌದೆ ಹೊರೆ ಬೆನ್ನ ಮೇಲೆ ತಂದು ಮಾರುವುದು ಜನರ ಮುಂದೆ ಕೈ ಚಾಚುವುದಕ್ಕಿಂತ ಮೇಲು ಎಂದಿದ್ದಾರೆ. ಆದರೆ ಕಬೀಸ ಎಂಬ ಸಹಾಬಿಗೆ (ಪ್ರವಾದಿಯವರ ಸಂಗಾತಿಗೆ) ಅವರು ಹೇಳಿದ ಮಾತು ಸಹೀಹ್ ಮುಸ್ಲಿಂನಲ್ಲಿದೆ: ಮೂವರು ಕೇಳಬಹುದು. ಜಗಳ ತೀರಿಸಲೆಂದು ಇತರರ ಹೊಣೆಯನ್ನು ತನ್ನ ಮೇಲೆ ಹೊತ್ತುಕೊಂಡವನು, ವಿಪತ್ತಿನಲ್ಲಿ ಸಂಪತ್ತೆಲ್ಲ ನಾಶವಾದವನು, ಬಡತನಕ್ಕೆ ತುತ್ತಾಗಿದ್ದಾನೆಂದು ತನ್ನ ಜನರಲ್ಲಿ ಮೂವರು ತಿಳಿವಳಿಕಸ್ಥರು ಸಾಕ್ಷಿ ಹೇಳುವಂಥವನು. ಎರಡನೆಯವರು ನೀವೇ. ಬದುಕು ಮತ್ತೆ ನಿಲ್ಲುವವರೆಗೆ ಕೇಳಬಹುದು ಎಂದೇ ಆ ಹದೀಸಿನಲ್ಲಿದೆ. ಮೇಲಾಗಿ ಸರ್ಕಾರದ ಪರಿಹಾರ ನಾಗರಿಕನ ಹಕ್ಕು. ಅರ್ಜಿಗೆ ಸ್ವೀಕೃತಿ ಪಡೆಯಿರಿ, ಕುರ್ಚಿ ಖಾಲಿ ಇದ್ದರೆ ಕುಳಿತು ಮಾತಾಡಿ.

ತೋಟದ ಕೆಲಸದವರ ವಿಷಯದಲ್ಲಿ ಮಾಲೀಕನ ಹೊಣೆ ಏನು?

ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಯಾವುದಾದರೂ ಕಣದ ಬಳಿ ನಿಂತು ನೋಡಿ. ಚೀಲ ತೂಗುವಾಗ ‘ಹಸಿ ಕಾಯಿ ಯಾಕೆ ಕಿತ್ತೆ, ಕಣ್ಣು ಕುರುಡಾ’ ಎಂದು ತೋಟದ ಲೆಕ್ಕ ನೋಡುವ ರೈಟರ್ ಗದರುತ್ತಾನೆ. ತಾಯಿಯ ವಯಸ್ಸಿನ ಯರವ ಬುಡಕಟ್ಟಿನ ಹೆಂಗಸಿಗೆ ಏಕವಚನ. ಚಹಾ ಕೊಡುವ ಲೋಟ ಕೆಲವು ಮನೆಗಳಲ್ಲಿ ಇನ್ನೂ ಬೇರೆ. ಹಿತ್ತಲ ಗೋಡೆಯ ಮೇಲೆ ಕವುಚಿ ಹಾಕಿರುತ್ತಾರೆ, ಕುಡಿದವರೇ ತೊಳೆದಿಡಬೇಕು. ಇಂಥ ಮನೆಗಳಲ್ಲಿ ಐದು ಹೊತ್ತು ನಮಾಝ್ ಮಾಡುವವರ ಮನೆಯೂ ಇದೆ ಎಂಬುದೇ ನನ್ನ ಸಂಕಟ.

ಪ್ರವಾದಿಯವರ ಸಂಗಾತಿ ಅಬೂ ಝರ್ (ರ – ಅಲ್ಲಾಹ್ ಅವರನ್ನು ಮೆಚ್ಚಲಿ) ಒಮ್ಮೆ ಒಬ್ಬನ ತಾಯಿಯನ್ನು ಎತ್ತಿ ಹೀಯಾಳಿಸಿದರು. ನಿನ್ನಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ಪ್ರವಾದಿ (ಸ) ಅವರನ್ನು ತಿದ್ದಿದರು. ಆಮೇಲೆ ಹೇಳಿದ್ದು: ನಿಮ್ಮ ಕೈಕೆಳಗಿರುವವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಉಣಿಸಿ, ಉಡುವುದನ್ನೇ ಉಡಿಸಿ, ಶಕ್ತಿ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ. ಇದರ ಮುಂದೆ ಬೇರೆ ಲೋಟಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಕೂಲಿಯ ವಿಷಯ ಇನ್ನೂ ಗಂಭೀರ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಅಂತ್ಯದಿನ ನಾನೇ ಎದುರಾಳಿ ಎಂದು ಅಲ್ಲಾಹ್ ಹೇಳಿರುವುದು ಬುಖಾರಿಯಲ್ಲಿದೆ. ಅಡ್ವಾನ್ಸ್ ಕೊಟ್ಟೆ, ಅದು ತೀರುವವರೆಗೆ ಲೈನ್ ಮನೆ (ಕೆಲಸಗಾರರ ಸಾಲುಮನೆ) ಬಿಟ್ಟು ಹೋಗುವಂತಿಲ್ಲ ಎಂದು ಹಿಡಿದಿಡುವುದು ಶರೀಅತ್‌ಗೂ ವಿರುದ್ಧ, ದೇಶದ ಕಾನೂನಿಗೂ ವಿರುದ್ಧ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ದುಡಿಮೆಯನ್ನು ಅಪರಾಧ ಎಂದಿದೆ, ಜೀತಕ್ಕೆ ಕಟ್ಟಿಹಾಕಿದ ಸಾಲವನ್ನೂ ಕಾಯ್ದೆಯೇ ರದ್ದು ಮಾಡುತ್ತದೆ. ಅಸ್ಸಾಂ, ಬಂಗಾಳದಿಂದ ಬಂದವರ ಆಧಾರ್ ಕಾರ್ಡ್ ತೆಗೆದು ಬೀರುವಿನಲ್ಲಿ ಬೀಗ ಹಾಕಿಟ್ಟುಕೊಳ್ಳುವುದೂ ಕಟ್ಟಿಹಾಕುವುದರ ಇನ್ನೊಂದು ರೂಪ. ಇಂದೇ ವಾಪಸ್ ಕೊಡಿ.

ಇಷ್ಟೆಲ್ಲ ಹೇಳುವ ಧರ್ಮ ಗುಲಾಮಗಿರಿಯನ್ನು ನೇರವಾಗಿ ನಿಷೇಧಿಸಲಿಲ್ಲವಲ್ಲ?

ನಿಜ, ನಿಷೇಧಿಸಲಿಲ್ಲ. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಕುರ್‌ಆನ್ ಅವತೀರ್ಣವಾದ ಸಮಾಜದಲ್ಲಿ ಗುಲಾಮಗಿರಿ ಇತ್ತು, ಫಿಕ್‌ಹ್ ಗ್ರಂಥಗಳು ಅದಕ್ಕೆ ನಿಯಮ ಬರೆದವು, ಮುಸ್ಲಿಂ ರಾಜ್ಯಗಳಲ್ಲಿ ಅದು ಶತಮಾನಗಳ ಕಾಲ ಉಳಿಯಿತು. ಜೊತೆಗೆ, ಆಕಸ್ಮಿಕ ಕೊಲೆಗೆ ಗುಲಾಮನ ಬಿಡುಗಡೆಯೇ ಪ್ರಾಯಶ್ಚಿತ್ತವಾಯಿತು, ಮುರಿದ ಪ್ರಮಾಣದ ಪ್ರಾಯಶ್ಚಿತ್ತಗಳಲ್ಲೂ ಅದು ಒಂದಾಯಿತು. ಝಕಾತ್‌ನ ಎಂಟು ಬಾಬತ್ತುಗಳಲ್ಲಿ (9:60) ಒಂದು ಬಿಡುಗಡೆಗೇ ಮೀಸಲು. ಹೋಗಬೇಕಾದ ದಿಕ್ಕನ್ನು ಅದು ತೋರಿಸಿತು, ಜನ ಆ ದಿಕ್ಕಿಗೆ ನಡೆಯಲು ಬಹಳ ತಡಮಾಡಿದರು ಎಂಬುದು ನನ್ನ ಓದು. ಇಂದು ಗುಲಾಮಗಿರಿ ಮರಳಬಾರದು ಎಂಬುದರಲ್ಲಿ ಮುಸ್ಲಿಂ ವಿದ್ವಾಂಸರ ಮುಖ್ಯಧಾರೆಗೆ ಅನುಮಾನವಿಲ್ಲ. ಕೊಡಗಿನ ಚರಿತ್ರೆಯೂ ಈ ವಿಷಯದಲ್ಲಿ ಚೊಕ್ಕವಾಗಿಲ್ಲ. ಯರವರನ್ನು ಜಮೀನಿಗೆ ಕಟ್ಟಿಹಾಕಿ ದುಡಿಸಿದ ಕಾಲವೊಂದಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, 1843ರಲ್ಲಿ ಗುಲಾಮಗಿರಿಯ ವಿರುದ್ಧ ಕಾಯ್ದೆ ಬಂತು; ಸಾಲದ ಹೆಸರಿನ ಜೀತ ಮಾತ್ರ ಆಮೇಲೂ ಬಹುಕಾಲ ಉಳಿಯಿತು.

ಕ್ಷೌರ ಮಾಡುವವರ, ಮೀನು ಮಾರುವವರ ಮನೆಯಿಂದ ಹೆಣ್ಣು ತರಬಾರದು ಎನ್ನುತ್ತಾರೆ. ಮದುವೆಯಲ್ಲಿ ‘ಕಫಾಅತ್’ ನೋಡಬೇಕೆಂದು ಕಿತಾಬಿನಲ್ಲೇ ಇದೆಯಂತೆ?

ಇದೆ. ಶಾಫಿಈ ಫಿಕ್‌ಹ್‌ನ ಕಫಾಅತ್, ಅಂದರೆ ವರಸಾಮ್ಯದ ಅಧ್ಯಾಯದಲ್ಲಿ ವಂಶ, ವೃತ್ತಿ ಎರಡರ ಮಾತೂ ಬರುತ್ತದೆ. ಆದರೆ ಅದು ಹೆಣ್ಣಿಗೂ ಅವಳ ವಲೀಗೂ (ಮದುವೆ ಮಾಡಿಕೊಡುವ ಪೋಷಕನಿಗೂ) ಇರುವ ಹಕ್ಕು. ಹೊಂದಿಕೆಯಾಗದ ಕಡೆಗೆ ಅವಳನ್ನು ದೂಡಬಾರದೆಂದು ಇಟ್ಟದ್ದು. ಇಬ್ಬರೂ ಒಪ್ಪಿದರೆ ನಿಕಾಹ್‌ಗೆ ಯಾವ ಅಡ್ಡಿಯೂ ಇಲ್ಲ. ಒಂದು ಮನೆತನವನ್ನೇ ಕೀಳೆಂದು ದೂರ ಇಡಲು ಅದನ್ನು ಬಳಸುವುದು ದುರುಪಯೋಗ. ಅಬೂ ಹಿಂದ್ ಎಂಬುವರು ರಕ್ತ ತೆಗೆದು ಚಿಕಿತ್ಸೆ ಮಾಡುವ ವೃತ್ತಿಯವರು, ಆ ಕಾಲದ ಅರಬರ ಕಣ್ಣಿನಲ್ಲಿ ಕೆಳಗಿನ ಕೆಲಸ ಅದು. ಅವರಿಗೆ ಹೆಣ್ಣು ಕೊಡಿ, ಅವರಿಂದ ಹೆಣ್ಣು ತನ್ನಿ ಎಂದು ಬನೂ ಬಯಾಝ ಕುಲದವರಿಗೆ ಪ್ರವಾದಿಯವರೇ (ಸ) ಹೇಳಿದ್ದನ್ನು ಹದೀಸ್ ಸಂಗ್ರಾಹಕ ಅಬೂ ದಾವೂದ್ ದಾಖಲಿಸಿದ್ದಾರೆ.

ಗಂಡ ಬೈಯುವುದು, ಹಂಗಿಸುವುದು ಮನೆಯೊಳಗಿನ ವಿಷಯವಲ್ಲವೇ?

ಅಲ್ಲ. ಹೆಂಡತಿಯ ಹಕ್ಕೇನು ಎಂದು ಕೇಳಿದಾಗ ಪ್ರವಾದಿ (ಸ) ಊಟ ಬಟ್ಟೆಯ ಜೊತೆಗೇ ಹೇಳಿದ್ದು: ಮುಖಕ್ಕೆ ಹೊಡೆಯಬೇಡ, ಕುರೂಪಿ ಎಂದು ಜರೆಯಬೇಡ. ಹೆಂಡತಿಗೆ ಹೊಡೆಯಬಹುದು ಎಂದು 4:34 ಹಿಡಿದು ವಾದ ಮಾಡುವವರಿಗೆ ಎರಡು ಮಾತು ನೆನಪಿಸುತ್ತೇನೆ. ಪ್ರವಾದಿಯವರು ತಮ್ಮ ಕೈಯಿಂದ ಯಾವ ಹೆಣ್ಣಿಗೂ ಯಾವ ಸೇವಕನಿಗೂ ಹೊಡೆದವರಲ್ಲ ಎಂದು ಅವರ ಪತ್ನಿ ಆಯಿಶಾ (ರ) ಹೇಳಿದ್ದಾರೆ. ಹೊಡೆಯದೇ ಇರುವುದೇ ಉತ್ತಮ ಎಂಬುದು ಖುದ್ದು ಇಮಾಮ್ ಶಾಫಿಈಯವರ ನಿಲುವು. ತವರಿನಿಂದ ಏನೂ ತರಲಿಲ್ಲವೆಂದು ಹಂಗಿಸುವುದಂತೂ ತಲೆಕೆಳಗಾದ ಕೆಲಸ, ಶರೀಅತ್‌ನಲ್ಲಿ ಮಹರ್ (ವಧುವಿಗೆ ಸಲ್ಲುವ ಧನ) ಕೊಡಬೇಕಾದವನು ಗಂಡು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅವಮಾನ, ಹೀಯಾಳಿಕೆಗಳೂ ಹಿಂಸೆಯ ಲೆಕ್ಕಕ್ಕೇ ಬರುತ್ತವೆ. ಸಹಿಸಿಕೊಂಡು ಹೋಗು ಎಂದು ಮಗಳಿಗೆ ಬುದ್ಧಿ ಹೇಳುವ ಉಮ್ಮಂದಿರು ಇದನ್ನು ತಿಳಿದಿರಲಿ.

ಮದ್ರಸದಲ್ಲಿ ಉಸ್ತಾದರು ಹೊಡೆಯಬಹುದೇ? ನಮಗೂ ಹೊಡೆದೇ ಕಲಿಸಿದ್ದು.

ಏಳು ವರ್ಷಕ್ಕೆ ಮಕ್ಕಳಿಗೆ ನಮಾಝ್ ಹೇಳಿಕೊಡಿ, ಹತ್ತಕ್ಕೆ ಮಾಡದಿದ್ದರೆ ಹೊಡೆಯಿರಿ ಎಂಬ ಹದೀಸನ್ನು ಎಲ್ಲರೂ ಎತ್ತುತ್ತಾರೆ. ಫಕೀಹರು (ಧರ್ಮಶಾಸ್ತ್ರಜ್ಞರು) ಅದರ ಸುತ್ತ ಕಟ್ಟಿದ ಬೇಲಿಯನ್ನು ಯಾರೂ ಎತ್ತುವುದಿಲ್ಲ. ಮುಖಕ್ಕೆ ಹೊಡೆಯುವಂತಿಲ್ಲ, ಗಾಯವಾಗುವಂತಿಲ್ಲ, ಪೋಷಕರ ಅನುಮತಿ ಇಲ್ಲದೆ ಗುರುವಿಗೆ ಆ ಅಧಿಕಾರವೇ ಇಲ್ಲ. ಗುರು ಕೊಟ್ಟ ಏಟಿನಿಂದ ಮಗುವಿನ ಪ್ರಾಣಕ್ಕೆ ಕುತ್ತು ಬಂದರೆ ಅವನೇ ಪರಿಹಾರ ತೆರಬೇಕು. ತಿದ್ದಲು ಹೊಡೆದೆ ಎಂಬ ಸಬೂಬನ್ನು ಶಾಫಿಈ ಫಿಕ್‌ಹ್ ಒಪ್ಪುವುದಿಲ್ಲ. ಏಳರಿಂದ ಹತ್ತರವರೆಗೆ ಮೂರು ವರ್ಷ ಪ್ರೀತಿಯಿಂದ ಹೇಳಿಕೊಡಬೇಕು ಎಂಬ ಭಾಗವನ್ನು ಎಷ್ಟು ಜನ ಪಾಲಿಸಿದ್ದೇವೆ?

ಶಿಕ್ಷಣದ ಬಗ್ಗೆ ನಮ್ಮ ಹಿರಿಯರು ಬರೆದದ್ದನ್ನು ಓದಿದರೆ ಇನ್ನೂ ಆಶ್ಚರ್ಯ. ಮಗು ಮೊದಲ ಸಲ ತಪ್ಪು ಮಾಡಿದಾಗ ಕಂಡೂ ಕಾಣದಂತಿರಿ, ಅದರಲ್ಲೂ ಮಗುವೇ ನಾಚಿ ಮುಚ್ಚಿಡಲು ಯತ್ನಿಸುತ್ತಿದ್ದರೆ ಬಯಲಿಗೆಳೆಯಬೇಡಿ ಎನ್ನುತ್ತಾರೆ ಗಝಾಲಿ. ಪದೇ ಪದೇ ಬೈದರೆ ಬೈಗುಳ ಕೇಳಿಸಿಕೊಳ್ಳುವುದೇ ಅಭ್ಯಾಸವಾಗಿ ಮಾತಿಗೆ ಬೆಲೆ ಹೋಗುತ್ತದೆ ಎಂಬುದೂ ಅವರದೇ ಎಚ್ಚರಿಕೆ. ಇತಿಹಾಸಕಾರ ಇಬ್ನ್ ಖಲ್ದೂನ್ (ನಿಧನ 1406) ವಿದ್ಯಾರ್ಥಿಗಳ ಮೇಲಿನ ಕಠೋರತೆಯ ಕೇಡಿನ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದಾರೆ: ದಂಡನೆಯಲ್ಲಿ ಬೆಳೆದ ಮಗು ಸುಳ್ಳು ಕಲಿಯುತ್ತದೆ, ಸೋಮಾರಿಯಾಗುತ್ತದೆ, ಒಳಗೊಂದು ಹೊರಗೊಂದು ಆಗುತ್ತದೆ. ನನ್ನ ತರಗತಿಯಲ್ಲೂ ಇದನ್ನೇ ಕಂಡಿದ್ದೇನೆ. ಬೆತ್ತಕ್ಕೆ ಹೆದರಿ ಕುರ್‌ಆನಿನ ಯಾಸೀನ್ ಅಧ್ಯಾಯ ಬಾಯಿಪಾಠ ಮಾಡಿದ ಹುಡುಗ ಮದ್ರಸ ಬಿಟ್ಟ ಮೇಲೆ ಆ ಕಡೆ ತಲೆ ಹಾಕುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಗಳಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. 2012ರ ತಿದ್ದುಪಡಿ ಮದ್ರಸ, ವೇದಪಾಠಶಾಲೆಗಳನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗೆಂದು ಹೊಡೆಯಲು ಪರವಾನಗಿ ಸಿಕ್ಕಿತು ಎಂದಲ್ಲ. ಮಗುವನ್ನು ತನ್ನ ಸುಪರ್ದಿಯಲ್ಲಿಟ್ಟುಕೊಂಡವರ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಲ್ಲಿ ಜೈಲು ಶಿಕ್ಷೆ ಇದೆ.

ಅಡ್ಡಹೆಸರಿನಿಂದ ಕರೆಯುವುದು ಪ್ರೀತಿಯಿಂದ ತಾನೇ?

ಕರೆಸಿಕೊಳ್ಳುವವರಿಗೆ ಹಿತವೇ ಎಂದು ಅವರನ್ನೇ ಕೇಳಿ. 49:11 ಅಡ್ಡಹೆಸರಿನಿಂದ ಕರೆಯಬೇಡಿ ಎನ್ನುತ್ತದೆ. ಅಅ್‌ರಜ್ (ಕುಂಟ), ಅಅ್‌ಮಶ್ (ಮಂದದೃಷ್ಟಿಯವ) ಎಂಬ ಹೆಸರಿನಲ್ಲೇ ಪ್ರಸಿದ್ಧರಾದ ಹದೀಸ್ ವಿದ್ವಾಂಸರಿದ್ದಾರೆ. ಗುರುತಿಗೆ ಬೇರೆ ದಾರಿಯೇ ಇಲ್ಲದಿದ್ದಾಗ ಅಷ್ಟಕ್ಕೆ ಮಾತ್ರ ಅನುಮತಿ ಎಂದು ನವವಿ ವಿವರಿಸುತ್ತಾರೆ. ತರಗತಿಯಲ್ಲಿ ‘ಏ ಕರಿಯ’ ಎನ್ನುವುದಕ್ಕೆ ಆ ಅನುಮತಿ ಅನ್ವಯಿಸುವುದಿಲ್ಲ.

ಸ್ವಾಭಿಮಾನ ಅಹಂಕಾರವಾಗದಂತೆ ನೋಡಿಕೊಳ್ಳುವುದು ಹೇಗೆ?

ಅಹಂಕಾರ ಎಂದರೆ ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಎಂದು ಪ್ರವಾದಿಯವರೇ (ಸ) ಹೇಳಿಟ್ಟಿದ್ದಾರೆ. ಒಳ್ಳೆ ಬಟ್ಟೆ, ಒಳ್ಳೆ ಚಪ್ಪಲಿ ಇಷ್ಟಪಡುವುದು ಅಹಂಕಾರವೇ ಎಂದು ಕೇಳಿದವನಿಗೆ ಕೊಟ್ಟ ಉತ್ತರ ಅದು. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಲು ನಿಮಗೆ ಕಷ್ಟವಾಗುತ್ತಿಲ್ಲ, ಇನ್ನೊಬ್ಬರು ನಿಮ್ಮೆದುರು ಕುಗ್ಗುತ್ತಿಲ್ಲ ಎಂದಾದರೆ ಸ್ವಾಭಿಮಾನವನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಿ.

ಸಾಲ ತೀರಿಸಲಾಗಲಿಲ್ಲ, ಊರಲ್ಲಿ ತಲೆ ಎತ್ತುವಂತಿಲ್ಲ. ಮಾನ ಹೋದ ಮೇಲೆ ಬದುಕಿ ಏನು ಫಲ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಸಾಲದ ವಿಷಯದಲ್ಲಿ ಈ ಗಾದೆಯನ್ನು ನಾನು ಒಪ್ಪುವುದಿಲ್ಲ. ಜನರ ಬಾಯಲ್ಲಿನ ಹೆಸರು ಕೆಡಬಹುದು, ಮತ್ತೆ ಸರಿಹೋಗಲೂಬಹುದು. ಅಲ್ಲಾಹ್ ಕೊಟ್ಟ ಗೌರವ ಬಡ್ಡಿ ಕಟ್ಟದ್ದಕ್ಕೆ ಹೋಗುವಂಥದ್ದಲ್ಲ. ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಎಂದು 4:29 ಹೇಳುತ್ತದೆ; ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಿ ಎಂದು ಸಾಲ ಕೊಟ್ಟವನಿಗೆ 2:280 ಆಜ್ಞಾಪಿಸುತ್ತದೆ. ಅಂಥ ಯೋಚನೆ ಬರುತ್ತಿದ್ದರೆ ಒಬ್ಬರೇ ಕೂರಬೇಡಿ. ಮನೆಯವರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಲಗಾರರಿಗೂ ಝಕಾತ್‌ನಲ್ಲಿ ಪಾಲಿದೆ, ಜಮಾಅತಿನ ಹಿರಿಯರ ಮುಂದೆ ಬಾಯಿಬಿಟ್ಟು ಹೇಳಿ.

ಸತ್ತ ಮೇಲೂ ಮಾನದ ಪ್ರಶ್ನೆ ಬರುತ್ತದೆಯೇ?

ಬರುತ್ತದೆ. ಮಯ್ಯತ್‌ಗೆ (ಶವಕ್ಕೆ) ಸ್ನಾನ ಮಾಡಿಸುವಾಗ ಮುಚ್ಚಬೇಕಾದದ್ದನ್ನು ಮುಚ್ಚಿಯೇ ಮಾಡಿಸಬೇಕು. ಮಾಡಿಸಿದವರು ಮೈಮೇಲೆ ಒಳ್ಳೆಯ ಲಕ್ಷಣ ಕಂಡರೆ ಹೇಳಬಹುದು. ಕೆಟ್ಟದ್ದೇನಾದರೂ ಕಂಡರೆ ಹೊರಗೆ ಆಡುವುದು ಹರಾಮ್. ಶವದ ಮೂಳೆ ಮುರಿಯುವುದು ಬದುಕಿದ್ದವರ ಮೂಳೆ ಮುರಿದಂತೆ ಎಂಬ ಹದೀಸೂ ಇದೆ. ಅಪಘಾತದ ಸ್ಥಳದಲ್ಲಿ ಮೊಬೈಲ್ ಎತ್ತಿ ಶವದ ವಿಡಿಯೊ ಮಾಡುವವರನ್ನು ತಡೆಯುವುದು ಸುತ್ತ ನಿಂತವರೆಲ್ಲರ ಹೊಣೆ.

ಒಬ್ಬರನ್ನು ಎಲ್ಲರೆದುರು ಅವಮಾನ ಮಾಡಿದ್ದೇನೆ. ತೌಬಾ (ಅಲ್ಲಾಹನಲ್ಲಿ ಪಶ್ಚಾತ್ತಾಪ) ಮಾಡಿದರೆ ಸಾಕೇ?

ಸಾಲದು. ಅಲ್ಲಾಹನ ಹಕ್ಕನ್ನು ಅಲ್ಲಾಹ್ ಮನ್ನಿಸುತ್ತಾನೆ, ಮನುಷ್ಯನ ಹಕ್ಕನ್ನು ಆ ಮನುಷ್ಯನೇ ಮನ್ನಿಸಬೇಕು. ಸಹೋದರನ ಮಾನಕ್ಕೋ ಬೇರೆ ಯಾವುದಕ್ಕೋ ಅನ್ಯಾಯ ಮಾಡಿದವನು ದೀನಾರ್, ದಿರ್‌ಹಮ್ ನಡೆಯದ ದಿನ ಬರುವ ಮೊದಲು ಇಂದೇ ಬಿಡಿಸಿಕೊಳ್ಳಲಿ ಎಂದು ಬುಖಾರಿಯ ಹದೀಸ್ ಹೇಳುತ್ತದೆ. ಬೆನ್ನ ಹಿಂದೆ ಆಡಿದ ಮಾತು ಅವರ ಕಿವಿಗೆ ಬಿದ್ದೇ ಇಲ್ಲವೆಂದಾದರೆ ಹೋಗಿ ಹೇಳಿ ಹೊಸ ನೋವು ಕೊಡಬೇಕಿಲ್ಲ, ಪಶ್ಚಾತ್ತಾಪಪಟ್ಟು ಅವರಿಗಾಗಿ ಪಾಪಕ್ಷಮೆಯ ಪ್ರಾರ್ಥನೆಯಾದ ಇಸ್ತಿಗ್‌ಫಾರ್ ಮಾಡಿದರೆ ಸಾಕು ಎಂದು ಶಾಫಿಈ ಫಕೀಹರಲ್ಲಿ ಹಲವರು ಹೇಳಿದ್ದಾರೆ. ಆದರೆ ಎದುರಿಗೇ ಆಡಿದ್ದಕ್ಕೆ ಎದುರಿಗೇ ಹೋಗಬೇಕು. ಪಳ್ಳಿಯ (ಮಸೀದಿಯ) ಮಹಾಸಭೆಯಲ್ಲಿ ಆಡಿದ್ದರೆ ಕ್ಷಮೆಯನ್ನೂ ಅಲ್ಲೇ ಕೇಳಿ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರೆದಿದ್ದರೆ ಅದೇ ಗ್ರೂಪಿನಲ್ಲಿ ಬರೆಯಿರಿ; ರಾತ್ರಿ ಖಾಸಗಿಯಾಗಿ ಒಂದು ‘ಸಾರಿ’ ಕಳಿಸಿ ಮುಗಿಸಬೇಡಿ. ಅವರು ತಕ್ಷಣ ಕ್ಷಮಿಸಲೇಬೇಕೆಂದು ಊರ ಹಿರಿಯರನ್ನು ಕರೆದುಕೊಂಡು ಹೋಗಿ ಒತ್ತಡ ಹಾಕುವುದೂ ಸರಿಯಲ್ಲ. ಎಷ್ಟು ದಿನ ಬೇಕೋ ಅಷ್ಟು ಸಮಯ ತೆಗೆದುಕೊಳ್ಳುವ ಹಕ್ಕು ನೊಂದವರಿಗಿದೆ.